ಅವನು ಹೇಳಿಸಿದ್ದು

ನಮ್ಮ ಅಪ್ಪ 'ನಾನು ಮಾಡಿದೆ' ಅಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಲಿ, ಬೆಳಗಿನ ಲೋಕಲ್ ರೈಲು ತಪ್ಪಲಿ, ನನಗೆ ಎಸ್ಸೆಸ್ಸಿಯಲ್ಲಿ ಫಸ್ಟ್ ಕ್ಲಾಸ್ ಬರಲಿ, ಅವರ ಬಾಯಲ್ಲಿ ಒಂದೇ ಮಾತು: "ಅವನು ಮಾಡಿಸಿದ." ಅವನು ಅಂದರೆ ದೇವರು. ಫಸ್ಟ್ ಕ್ಲಾಸ್ ಬಂದ ದಿನ ನನಗೆ ಸಿಟ್ಟಿನಿಂದ ಅಳುವೇ ಬಂದಿತ್ತು. ನಿದ್ದೆಗೆಟ್ಟು ಓದಿದವಳು ನಾನು, ಹೆಸರು ಅವನಿಗೆ!

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಡೊಂಬಿವಲಿಯ ಸಾಲುಮನೆಗಳ ಒಂದು ಚಾಳಿನಲ್ಲಿ ನಮ್ಮದು ಎರಡು ಕೋಣೆಯ ಮನೆ. ಅಪ್ಪ ಥಾಣೆ ಸ್ಟೇಷನ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ದೇವರ ವಿಷಯ ಬಂತೆಂದರೆ ಮಾತ್ರ ಅಪ್ಪ ಕನ್ನಡಕ್ಕೆ ಹೊರಳುತ್ತಿದ್ದರು, ಅಂಗಿ ಕಳಚಿ ಮಡಿ ಉಟ್ಟ ಹಾಗೆ. ಭಾನುವಾರ ಸಂಜೆ ನಮ್ಮ ಹೊರಕೋಣೆಯಲ್ಲಿ ಅವರ ಶಾಸ್ತ್ರಪಾಠ ನಡೆಯುತ್ತಿತ್ತು. ಜಮಖಾನೆ ಹಾಸುವುದು ನನ್ನ ಕೆಲಸ. ಜೀವನಿಗೆ ಸ್ವಾತಂತ್ರ್ಯವಿಲ್ಲ, ಸ್ವತಂತ್ರನಾದವನು ಅವನೊಬ್ಬನೇ, ನಮ್ಮ ಕೈ ಎತ್ತಿಸುವವನೂ ಅವನೇ ಎಂದು ಅಪ್ಪ ವಿವರಿಸುವಾಗ ನಾನು ಬಾಗಿಲ ಬಳಿ ಕೂತು ಸುಮ್ಮನೆ ಕೈ ಎತ್ತಿ ಇಳಿಸಿ ನೋಡುತ್ತಿದ್ದೆ. ಎತ್ತಿದ್ದು ನಾನೋ ಅವನೋ? ತಿಳಿಯುತ್ತಿರಲಿಲ್ಲ. ಮೈಮೇಲೆ ಇರುವೆ ಹರಿದವಳ ಹಾಗೆ ಒಂದು ಕಡೆ ಕೂರಲಾಗದೆ ಎದ್ದು ಗ್ಯಾಲರಿಗೆ ಹೋಗಿಬಿಡುತ್ತಿದ್ದೆ.

ಪಾಠಕ್ಕೆ ವಿಜಾಪುರ ಕಡೆಯ ಹಮಾಲರೊಬ್ಬರು ಬರುತ್ತಿದ್ದರು. ಕಲ್ಯಾಣದಲ್ಲಿ ಗೂಡ್ಸ್ ಗಾಡಿಯಿಂದ ಮೂಟೆ ಇಳಿಸುವವರು. ಒಮ್ಮೆ ಅವರು ಕೇಳಿಯೇಬಿಟ್ಟರು. "ಹಂಗಾರ ಸ್ವಾಮೇರ, ನಿನ್ನಿ ನಾ ನಮ್ಮ ಮೇಸ್ತ್ರಿ ಮುಕಾದಮನ ಕಪಾಳಕ್ಕ ಒಂದು ಕೊಟ್ಟೆನ್ರಿ. ಅದೂ ದೇವರೇ ಕೊಡಿಸಿದ್ದೇನ್ರಿ?"

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. "ಕೊಡಿಸಿದವನು ಅವನೇ. ಕೊಡುವ ಸ್ವಭಾವ ನಿಮ್ಮದು, ಹಾಗಾಗಿ ಫಲವೂ ನಿಮ್ಮದು."

"ಚಲೋ ಆತ್ ಬಿಡ್ರಿ, ಇಬ್ಬರೂ ಕೂಡೇ ಹೊಡದಂಗಾತು" ಎಂದು ಅವರು ಎಲೆಯಡಿಕೆ ಚೀಲ ಬಿಚ್ಚಿದರು. ಅವರಿಗೆ ಅಷ್ಟಕ್ಕೇ ಸಮಾಧಾನವಾಯಿತು. ನನಗಾಗಲಿಲ್ಲ.

ಆಗ ನಾನು ಥಾಣೆಯ ವಾಗ್ಳೆ ಎಸ್ಟೇಟಿನ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪಿಸ್ಟ್. ಸೋದರಮಾವ ಊರಿನಿಂದ ಒಂದು ಸಂಬಂಧ ತಂದರು. ಹುಡುಗ ಕೆಟ್ಟವನೇನಲ್ಲ, ಆದರೆ ನಾನು ಕೆಲಸ ಬಿಡಬೇಕು, ಊರಲ್ಲೇ ಇರಬೇಕು. ಮಾವ ಬರೀ ಸಂಬಂಧ ತಂದಿರಲಿಲ್ಲ, ದೇವರ ಒಪ್ಪಿಗೆಯನ್ನೂ ತಂದಿದ್ದರು. ನಮ್ಮ ಕಡೆ ಹೂ ಕೇಳುವ ಪದ್ಧತಿಯಿದೆ. ಒಂದು ಬಾಳೆಲೆಯಲ್ಲಿ ತುಳಸಿ, ಇನ್ನೊಂದರಲ್ಲಿ ಕೇಪಳದ ಹೂವು ಕಟ್ಟಿ ದೇವರ ಮುಂದಿಟ್ಟು, ಪ್ರಾರ್ಥಿಸಿ, ಒಂದು ಪೊಟ್ಟಣ ಎತ್ತುವುದು. ತುಳಸಿ ಬಂದರೆ ಹೌದು, ಕೇಪಳ ಬಂದರೆ ಬೇಡ. ಊರ ದೇವಸ್ಥಾನದಲ್ಲಿ ತುಳಸಿ ಬಂದಿತ್ತು. ಬಾಡಿದ ಆ ಕುಡಿಯನ್ನು ಮಾವ ಅಮ್ಮನ ಕೈಗಿಟ್ಟರು. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು. ಅಲ್ಲಿಗೆ ಮಾತು ಮುಗಿದೇಹೋಯಿತು.

ಆ ವಾರ ಟೈಪಿಂಗಿನಲ್ಲಿ ತಪ್ಪೋ ತಪ್ಪು. ಗಾಡಿ ಬರುವವರೆಗೆ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಈಗ ಬೇಡ ಅಂದರೆ ಅದು ಮಾವನಿಗಲ್ಲ, ದೇವರಿಗೇ ಬೇಡ ಅಂದ ಹಾಗೆ. ಅಪ್ಪನ ಶಾಸ್ತ್ರದ ಪ್ರಕಾರವಂತೂ ಹಾಗೆ ಅನ್ನಲು ನನಗೆ ಬಾಯೇ ಇಲ್ಲ.

ಹೆಣ್ಣು ನೋಡಲು ಹುಡುಗನ ಕಡೆಯವರು ಬಂದರು. ನಾನು ಉಪ್ಪಿಟ್ಟು, ಶೀರಾದ ತಟ್ಟೆಗಳನ್ನು ಇಟ್ಟು ನಿಂತಲ್ಲೇ ಹೇಳಿದೆ. "ನನಗೆ ಒಪ್ಪಿಗೆ ಇಲ್ಲ. ನಾನು ಕೆಲಸ ಬಿಡುದಿಲ್ಲ."

ಮಾವ ಎದ್ದು ನಿಂತರು. "ದೇವರು ಹೌದು ಹೇಳಿದ್ದಕ್ಕೆ ಇವಳು ಇಲ್ಲ ಹೇಳುದಾ? ಎಂತ ಭಾವ, ಮಗಳನ್ನು ಹೀಗಾ ಸಾಕಿದ್ದು? ಇವಳನ್ನು ನಾಳೆಯೇ ಊರಿಗೆ ಕರ್ಕೊಂಡು ಹೋಗ್ತೇನೆ, ಬುದ್ಧಿ ಬರ್ತದೆ!"

ಅಪ್ಪ ಶಾಲು ಸರಿ ಮಾಡಿಕೊಂಡು, ಪಾಠದ ಕನ್ನಡದಲ್ಲಿ, ನಿಧಾನವಾಗಿ ಹೇಳಿದರು. "ಹೇಳಿದ್ದು ಅವಳಲ್ಲ. ಅವನು ಹೇಳಿಸಿದ. ಅಲ್ಲಿ ತುಳಸಿ ಕೊಟ್ಟವನೇ ಇಲ್ಲಿ ಇವಳ ಬಾಯಲ್ಲಿ ಬೇಡ ಅನ್ನಿಸಿದ. ಅವನನ್ನು ಕೇಳಲಿಕ್ಕೆ ನಾವು ಯಾರು?"

ಇದಕ್ಕೆ ಎದುರಾಡುವವರು ಯಾರು? ಬಂದವರು ಕಾಫಿ ಕುಡಿದು, ದೇವರ ಚಿತ್ತ ಎಂದು ಹೊರಟರು. ಮಾವನೂ ಮುಖ ಗಂಟಿಕ್ಕಿಕೊಂಡೇ ಊರಿನ ಬಸ್ಸು ಹತ್ತಿದರು.

ನಾನು ಬಚಾವಾಗಿದ್ದೆ. ಖುಷಿಪಡಬೇಕಿತ್ತು. ಆದರೆ ಆಗಲಿಲ್ಲ. ಅದುವರೆಗಿನ ಬದುಕಿನಲ್ಲಿ ಧೈರ್ಯ ಮಾಡಿ ಆಡಿದ ಒಂದೇ ಒಂದು ಮಾತು, ಅದನ್ನೂ ಅಪ್ಪ ನನ್ನ ಕೈಯಿಂದ ಕಸಿದು ದೇವರ ಮಂಟಪದಲ್ಲಿಟ್ಟುಬಿಟ್ಟಿದ್ದರು. ಅಪ್ಪನ ಜೊತೆ ಮಾತು ಬಿಟ್ಟೆ. ಭಾನುವಾರ ಜಮಖಾನೆ ಹಾಸುವುದನ್ನೂ ಬಿಟ್ಟೆ. ಅವರು ಪಾಠ ಹೇಳುವ ಪುಸ್ತಕವನ್ನೇ ಚೀಲಕ್ಕೆ ಹಾಕಿಕೊಂಡು, ಲೇಡೀಸ್ ಡಬ್ಬಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಶಾಸ್ತ್ರ ಹಿಡಿದು ಓದತೊಡಗಿದೆ. ಕೊನೆಯ ಹತ್ತಿರ ಒಂದು ಕಡೆ, ದೇವರು ಎಲ್ಲರ ಎದೆಯಲ್ಲಿ ಕೂತು ಎಲ್ಲರನ್ನೂ ತಿರುಗಿಸುತ್ತಾನೆ ಎಂದಿತ್ತು. ಅದರ ಕೆಳಗೇ ಅದೇ ದೇವರು, ಹೇಳುವುದನ್ನೆಲ್ಲ ಹೇಳಿದ್ದೇನೆ, ಇನ್ನು ಯೋಚಿಸಿ ನಿನಗೆ ಬೇಕಾದ ಹಾಗೆ ಮಾಡು ಅನ್ನುತ್ತಾನೆ! ಓದಿ ತಲೆ ಕೆಟ್ಟುಹೋಯಿತು.

ಮರುದಿನ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಅಪ್ಪನ ಎದುರು ನಿಂತೆ. "ಅಪ್ಪಯ್ಯ, ಬೇಕಾದ ಹಾಗೆ ಮಾಡು ಅಂತ ಅವನೇ ಹೇಳಿದ್ದಾನಲ್ಲ. ನಮ್ಮ ಕೈಯಲ್ಲಿ ಏನೂ ಇಲ್ಲದಿದ್ದರೆ ಹಾಗೆ ಯಾಕೆ ಹೇಳಬೇಕು?"

"ಬೇಕು ಅನ್ನಿಸುವವನೂ ಅವನೇ..." ಎಂದು ಕನ್ನಡದಲ್ಲಿ ಶುರುಮಾಡಿದರು.

"ಅವತ್ತು ಬೇಡ ಅಂದದ್ದು ನಾನು. ನಾನೇ. ಅದನ್ನು ನನಗೆ ವಾಪಸ್ ಕೊಡಿ."

ಅಪ್ಪ ಸುತ್ತ ಒಮ್ಮೆ ನೋಡಿ, ತುಳುವಿಗೆ ಹೊರಳಿದರು. "ನೀನೇ ಹೇಳಿದ್ದು. ನನಗೆ ಗೊತ್ತಿಲ್ವಾ? ಹಾಗಂತ ನಾನು ಒಪ್ಪಿದ್ದರೆ ನಿನ್ನ ಮಾವ ನಿನ್ನನ್ನು ಎಳ್ಕೊಂಡು ಹೋಗ್ತಿದ್ದ. ಅದಕ್ಕೆ ದೇವರ ತಲೆಗೆ ಕಟ್ಟಿದೆ. ಅವನ ಹತ್ರ ಜಗಳಕ್ಕೆ ಯಾರು ಹೋಗ್ತಾರೆ?"

ಆದರೂ ಬಿಡುವ ಬುದ್ಧಿ ನನ್ನದಲ್ಲ. "ಹಾಗಾದರೆ, ಅವನು ಹೇಳಿಸಿದ ಅಂತ ನಿಮ್ಮ ಬಾಯಲ್ಲಿ ಹೇಳಿಸಿದ್ದು ಯಾರು?"

ಗಾಡಿ ಬಂತು. ಜನ ನುಗ್ಗಿದರು. ಜೆಂಟ್ಸ್ ಡಬ್ಬಿಯ ಕಡೆ ಎರಡು ಹೆಜ್ಜೆ ಹಾಕಿದ ಅಪ್ಪ ತಿರುಗಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅದು ಮಾತ್ರ ನಾನೇ ಹೇಳಿದ್ದು, ಮಗಾ."

ಹೇಳಿದವರೇ ಹೆದರಿ ಒಮ್ಮೆ ಮೇಲಕ್ಕೆ ನೋಡಿದರು. ಆಮೇಲೆ ಓಡಿ ಗಾಡಿ ಹತ್ತಿದರು.