ಹಿಂದೆ ಬಂದ ಸೈಕಲ್ಲು, ನಿಂತ ಮಗ್ಗಗಳು

ಕೊಳ್ಳೇಗಾಲದ ನೇಕಾರರ ಬೀದಿಗೆ ಟ್ರಂಕು ಹಿಡಿದು ಕಾಲಿಟ್ಟ ದಿನ, ನೆಲದಿಂದ ತಲೆಗಳು ಎದ್ದು ನನ್ನನ್ನು ನೋಡಿದವು. ಇಲ್ಲಿಯವರು ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ರೇಷ್ಮೆ ನೇಯುತ್ತಾರೆ. ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ಧಾರವಾಡದ ನಮ್ಮ ಓಣಿಯಲ್ಲಿ ಹಾಗಿರಲಿಲ್ಲ.

ರಾಜ್ಯ ಒಂದಾದ ಎರಡನೆಯ ವರ್ಷ ನನಗೆ ಇಲ್ಲಿ ಸರಕಾರಿ ಕಚೇರಿಯೊಂದರಲ್ಲಿ ಬೆರಳಚ್ಚಿನ ಕೆಲಸ ಸಿಕ್ಕಿತು. ಮಗ್ಗ ನೇಯುವ ಸಾಕಮ್ಮನವರ ಮನೆಯಲ್ಲಿ ಬಾಡಿಗೆ ಕೋಣೆ. ರೊಟ್ಟಿ ಹೋಗಿ ಮುದ್ದೆ ಬಂತು; ನುಂಗುವುದನ್ನು ಕಲಿತೆ.

ಆಮೇಲೆ ಕಚೇರಿ ಬಿಟ್ಟಾಗ ಆಗಾಗ ಒಬ್ಬ ಸೈಕಲ್ಲಿನವನು ಹಿಂದೆ ಬರತೊಡಗಿದ. ನಾನು ನಿಂತರೆ ನಿಲ್ಲುತ್ತಿದ್ದ. ಮಾತಿಲ್ಲ. ಒಂದು ಭಾನುವಾರ ಕಿಟಕಿ ತೆರೆದರೆ ಎದುರಿಗೇ ಇದ್ದ. ದಿನಚರಿಯಲ್ಲಿ ವಾರ, ವೇಳೆ ಗುರುತು ಹಾಕುತ್ತ ಹೋದೆ: ಮೂರು ವಾರದಲ್ಲಿ ಹನ್ನೊಂದು ಸಲ. ಊರಿಗೆ ಬರೆದರೆ ಅಪ್ಪ ಕೆಲಸ ಬಿಡಿಸಿ ಕರೆದೊಯ್ಯುವುದು ಖಂಡಿತ. ನೆರೆಯವರಿಗೆ ಹೇಳಿದರೆ, ನಮ್ಮ ಕಡೆ, ಹೆಸರು ಕೆಡುವುದು ಹುಡುಗಿಯದೇ. ಹೀಗಾಗಿ ಠಾಣೆಗೆ ಹೋದೆ.

ಹೆಡ್ ಕಾನ್‌ಸ್ಟೇಬಲ್‌ರನ್ನು ಇಲ್ಲಿ ಮದರಾಸು ಕಾಲದ ರೂಢಿಯಂತೆ ‘ಏಟಯ್ಯ’ ಎನ್ನುತ್ತಾರೆ. ಅವರು ನನ್ನ ಗುರುತುಗಳನ್ನೆಲ್ಲ ನೋಡಿದರು.

“ನೀನೇ ಬರ್ಕಂಡಿದ್ದು ನಿಂಗೇ ಸಾಕ್ಷಿ ಆದದಾ ಕೂಸೇ? ಅವ್ನೆಸ್ರೇನು?”

“ಗೊತ್ತಿಲ್ರಿ.”

“ಏನಾರ ಅಂದ್ನಾ?”

“ಇಲ್ರಿ.”

“ರೋಡು ಎಲ್ರುದೂವೆ. ಸೈಕಲ್ ತುಳ್ಯೋನ್ನ ಇಡ್ಕಂಡು ನಾನೇನ್ ಕೇಸ್ ಬರೀಲಿ?” ಆಮೇಲೆ ದನಿ ತಗ್ಗಿಸಿ, “ಸಾಕಮ್ಮುಂಗೆ ಯೋಳಿದ್ಯಾ?” ಎಂದರು.

ಬೇರೆ ದಾರಿ ಇರಲಿಲ್ಲ. ಮನೆಗೆ ಬಂದು ಹೇಳಿದೆ. ಸಾಕಮ್ಮ ಲಾಳಿ ಕೆಳಗಿಟ್ಟರು.

“ಅಯ್ಯೋ ನಿನ್ನ! ಇಷ್ಟು ಜನ ಇಲ್ಲಿ ಬದ್ಕಿರುವಾಗ ಟೇಸನ್‌ಗೋಗಿದ್ದಾ?”

ಮಾರನೆಯ ಸಂಜೆ ನನ್ನ ಹಿಂದೆ ಸೈಕಲ್ಲು ಬೀದಿಗೆ ತಿರುಗಿದಾಗ ಮೊದಲ ಮನೆಯ ಮಗ್ಗ ನಿಂತಿತು. ಆಮೇಲೆ ಎದುರು ಮನೆಯದು, ಅದರ ಪಕ್ಕದ್ದು. ಹಗಲೆಲ್ಲ ಬಡಿಯುವ ಬೀದಿ ಸುಮ್ಮನಾದದ್ದಕ್ಕೆ ನನಗೇ ಹೆದರಿಕೆಯಾಯಿತು. ಎಲ್ಲರೂ ಹೊಸ್ತಿಲಿಗೆ ಬಂದು ಅವನನ್ನೇ ನೋಡುತ್ತ ನಿಂತರು.

“ಯಾರ್ ಮನೆ ಬೇಕಿತ್ತಪ್ಪಾ? ಬಿರ್ನೆ ಯೋಳು, ನಾನು ಸೀರೆ ಮುಗಿಸ್ಬೇಕು,” ಎಂದರು ಸಾಕಮ್ಮ. ಯಾರೋ ನಕ್ಕರು.

ಅವನು ಸೈಕಲ್ಲು ತಿರುಗಿಸಿದ. ಮತ್ತೆ ಕಾಣಿಸಿಲ್ಲ. ಯಾರು, ಏನು ಬೇಕಿತ್ತು, ಇಂದಿಗೂ ತಿಳಿಯದು. ಠಾಣೆಯ ಮಟ್ಟಿಗೆ ಏನೂ ನಡೆದೇ ಇಲ್ಲ.

ನನ್ನ ಕೆಲಸ ಉಳಿಯಿತು. ಆದರೆ ಈಗ ನಾನು ಯಾರ ಜೊತೆ ನಕ್ಕೆ, ಯಾಕೆ ತಡವಾಯಿತು, ಟಪಾಲು ಯಾರದು, ಎಲ್ಲವೂ ಬೀದಿಗೆ ಗೊತ್ತಿರಬೇಕು. ಕಳೆದ ವಾರ ಅಣ್ಣ ಬಂದಿದ್ದ.

“ಇಷ್ಟ ಮಂದಿ ನಿನ್ನ ನೋಡ್ಕೋತ ಕೂತಾರ, ಉಸಿರು ಹ್ಯಾಂಗ ಆಡ್ತೀ? ಮನೀಗೆ ನಡಿ,” ಅಂದ.

ಅವನ ಮಾತು ಸುಳ್ಳಲ್ಲ. ಒಲ್ಲೆ ಎಂದು ಅವನೊಬ್ಬನನ್ನೇ ಬಸ್ಸು ಹತ್ತಿಸಿ ಬಂದೆ. ಬೀದಿಯ ತುದಿಯ ಮನೆಯಾಕೆ ಗುಣಿಯಿಂದಲೇ ಕತ್ತೆತ್ತಿ ಕೇಳಿದರು: “ಒಡುಟ್ಟಿದ ಅಣ್ಣನೇಯಾ? ಮುಖ್ದಲ್ಲಿ ಓಲ್ಕೆನೇ ಇಲ್ವಲ್ಲಾ?”

ಸಿಟ್ಟು ಬಂತು. ಆದರೂ ನಿಂತು, ಅವನು ಅವ್ವನ ಹಾಗೆ, ನಾನು ಅಪ್ಪನ ಹಾಗೆ ಎಂದು ವಿವರಿಸಿದೆ. ಮುಂದಿನ ಮನೆಯವರಿಗೂ.