ಮೈದುನನ ದನಿಗೆ ಓಗೊಟ್ಟ ಗಿಟಾರು

ಬೀದಿಯವರ ಬಾಯಲ್ಲಿ ಆಕೆ ಟೈಲರಮ್ಮ. ಗಂಡ ಹೋಟೆಲಿನ ಬ್ಯಾಂಡಿನಲ್ಲಿ ನಾಲ್ಕು ತಂತಿಯ ಟೆನರ್ ಗಿಟಾರು ನುಡಿಸುತ್ತಿದ್ದವನು. ಗಿಟಾರು ಅವನಿಗಿಂತ ಹಳೆಯದು. ಪಿಟೀಲಿನ ಹಾಗೆ ಉಬ್ಬಿದ ಎದೆ, ಇಕ್ಕೆಲದಲ್ಲಿ ದನಿ ಹೊರಡಲು ಬಳುಕಿದ ಸೀಳುಗಂಡಿ. ಗೋಡೆಗೆ ತೂಗುಹಾಕಿದ್ದ ಅದು, ಗಂಡ ಮಾತಾಡಿದಾಗಲೆಲ್ಲ ತನ್ನಷ್ಟಕ್ಕೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. "ನೋಡ್ರೀ, ನನ್ನ ಸವತಿ ಉತ್ತರ ಕೊಡ್ತಿದಾಳೆ" ಎಂದು ಟೈಲರಮ್ಮ ಗಂಡನಿಗೆ ಹೇಳಿ ನಗುತ್ತಿದ್ದಳು.

ಅವನು ತೀರಿಕೊಂಡ ವರ್ಷವೇ ಮೊಳೆ ಕಿತ್ತು ಗಿಟಾರು ಬಿತ್ತು. ಕತ್ತು ಸೀಳಿತು, ಎದೆ ಬಿರಿಯಿತು. ಹಳೆ ದುಪ್ಪಟಿಯಲ್ಲಿ ಸುತ್ತಿ ಮಂಚದಡಿ ತಳ್ಳಿದಳು.

ಎಷ್ಟೋ ಕಾಲದ ಮೇಲೆ, ಗೋಡೆಗೆ ಬಣ್ಣ ಹೊಡೆಸಲು ಮಂಚ ಸರಿಸಿದಾಗ ಗಂಟು ಕಣ್ಣಿಗೆ ಬಿತ್ತು. ಮನಸ್ಸು ತಡೆಯದೆ ವಾದ್ಯ ರಿಪೇರಿಯವನ ಬಳಿ ಒಯ್ದಳು. ಆತ ಬಿರುಕಿಗೆ ಒಳಗಿಂದ ತೆಳು ಪಟ್ಟಿ ಅಂಟಿಸಿ, ಕತ್ತು ಕೂರಿಸಿ, ಹೊಸ ತಂತಿ ಬಿಗಿದು ಶ್ರುತಿ ಮಾಡಿಕೊಟ್ಟ. ಹಳೆಯ ಮೆರುಗನ್ನು ಮಾತ್ರ ಮುಟ್ಟಲಿಲ್ಲ. ಗಂಡನ ಮುಂಗೈ ಉಜ್ಜಿ ಸವೆದ ಜಾಗ ಹಾಗೆಯೇ ಇತ್ತು.

ಮತ್ತೆ ಗೋಡೆಗೆ ಏರಿಸಿ ಹೊಲಿಗೆಗೆ ಕೂತಳು. ಮೆಷಿನ್ನಿನ ಗಡಗಡಕ್ಕಾಗಲಿ, ಗಿರಾಕಿಗಳ ಹರಟೆಗಾಗಲಿ ಅದು ತುಟಿಪಿಟಕ್ಕೆನ್ನಲಿಲ್ಲ. ಯಾರೂ ಇಲ್ಲದಾಗ ತಾನೇ ಎದುರು ನಿಂತು ಮಾತಾಡಿಸಿಯೂ ನೋಡಿದಳು. ಊಹೂಂ.

ಭಾನುವಾರ ಬೆಳಿಗ್ಗೆ ಮೈದುನ ಬಂದ. ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಅತ್ತಿಗೆ, ನನ್ನ ಕೋಟಿನ ತೋಳು ಆಯ್ತಾ?" ಎಂದ.

ಗೋಡೆಯ ಮೇಲಿಂದ ಗುಂಯ್ ಎಂದಿತು. ಟೈಲರಮ್ಮನ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು.

"ಏನದು ಸದ್ದು?" ಎಂದ ಮೈದುನ. ಮತ್ತೆ ಗುಂಯ್.

"ಮಾತಾಡ್ಬೇಡ" ಎಂದಳು. ಆಮೇಲೆ ಮೆಲ್ಲಗೆ, "ಇಲ್ಲ, ಮಾತಾಡು."

ಅವನು ಗೋಡೆಯ ಮೇಲಿದ್ದ ಅಣ್ಣನ ಗಿಟಾರು ನೋಡಿದ. ಕೋಟಿನ ಮಾತೇ ಎತ್ತದೆ ಹೊರಟುಹೋದ.

ರಿಪೇರಿಯವನನ್ನು ಕೇಳಿದ್ದಕ್ಕೆ, "ದೆವ್ವ ಗಿವ್ವ ಏನಿಲ್ಲಮ್ಮ. ದನಿ ತಂತಿಯ ಶ್ರುತಿಗೆ ಸರಿಯಾಗಿ ಕೂತ್ರೆ ಅದು ತಾನಾಗೇ ಮಿಡಿಯುತ್ತೆ. ಅಣ್ಣ ತಮ್ಮಂದಿರ ಗಂಟಲು ಒಂದೇ ಇರ್ಬೇಕು" ಎಂದ. ಬೇಡವೆನಿಸಿದರೆ ತಂತಿಯಡಿ ಸಿಕ್ಕಿಸಲೆಂದು ದಪ್ಪ ಉಣ್ಣೆಯ ತುಂಡೊಂದನ್ನು ಕೊಟ್ಟ. ಮನೆಗೆ ಬಂದವಳೇ ಅದನ್ನು ಚಿಂದಿಯ ಬುಟ್ಟಿಗೆ ಎಸೆದಳು.

ಮೈದುನ ಆ ಕಡೆ ಸುಳಿಯಲೇ ಇಲ್ಲ. ಕೊನೆಗೆ ಆಕೆಯೇ ಕೋಟು ಹಿಡಿದು ಅವನ ಮನೆಗೆ ಹೋದಳು.

"ಬಾರಪ್ಪ. ಸುಮ್ನೆ ಏನಾದ್ರೂ ಮಾತಾಡ್ಕೊಂಡು ಕೂತ್ಕೊ."

"ನಂಗೆ ಭಯ ಆಗುತ್ತೆ ಅತ್ತಿಗೆ. ನನ್ನ ಬಾಯಲ್ಲಿ ಅಣ್ಣ ಮಾತಾಡಿದ ಹಾಗಿರುತ್ತೆ."

"ಅದಕ್ಕೇ ಬಾ ಅನ್ನೋದು."

ಈಗ ಅವನು ತಪ್ಪದೆ ಬರುತ್ತಾನೆ. ಬಸ್ಸು ತಡವಾದದ್ದು, ಹಲ್ಲುನೋವು, ಮನೆ ಮಾಲೀಕನ ಕಿರಿಕಿರಿ, ಹೀಗೆ ಬಾಯಿಗೆ ಬಂದದ್ದೆಲ್ಲ ಹೇಳುತ್ತಾನೆ. ಟೈಲರಮ್ಮ ಮೆಷಿನ್ನು ನಿಲ್ಲಿಸಿ, ಗೋಡೆಗೆ ಮುಖ ಮಾಡಿ ಕೂತಿರುತ್ತಾಳೆ. ಆಕೆ ಕಿವಿಗೊಡುತ್ತಿರುವುದು ತನಗಲ್ಲ ಎಂದು ಅವನಿಗೆ ಗೊತ್ತು. ಒಂದು ದಿನ ಬೇಕೆಂದೇ ನಡುವೆ ಮಾತು ನಿಲ್ಲಿಸಿ ನೋಡಿದ. ಮದುವೆಯಾಗಿ ಬಂದಂದಿನಿಂದ ಅವನನ್ನು ಏಕವಚನದಲ್ಲೇ ಕರೆದವಳು, ತಿರುಗಿ ನೋಡದೆ, "ಆಮೇಲೇನಾಯ್ತು, ಹೇಳ್ರೀ" ಎಂದಳು.

ಮೈದುನ ಗಂಟಲು ಸರಿಮಾಡಿಕೊಂಡು ಮುಂದಿನದನ್ನು ಹೇಳತೊಡಗಿದ.