ಒಳಬರುವ ಕರೆ ಉಚಿತ

ಮುಂದಿನ ತಿಂಗಳು ಮತ್ತೆ ಪೋಲೆಂಡಿಗೆ ಹೊರಡಬೇಕು. ಅದಕ್ಕೇ ಮೊನ್ನೆ ಚಾಮರಾಜನಗರದ ಬಸ್ ನಿಲ್ದಾಣದ ಎದುರಿನ ಸಿದ್ದಣ್ಣನ ಮೊಬೈಲ್ ಅಂಗಡಿಗೆ ಹೋಗಿದ್ದೆ. ಪಕ್ಕದ ಉಡಿಗಾಲ ಊರಿನವನು, ಸಿಮ್ ಮಾರುವುದಕ್ಕಿಂತ ಮಾತಾಡುವುದೇ ಅವನಿಗೆ ಇಷ್ಟ. ಗಾಜಿನ ಮೇಜಿನ ಮೇಲೆ ಮೂರು ಕಂಪನಿಗಳ ರೋಮಿಂಗ್ ಚೀಟಿಗಳನ್ನು ಇಸ್ಪೀಟ್ ಎಲೆಯ ಹಾಗೆ ಹರಡಿ, "ಈ ಸತಿ ಯಾವ್ದುಕ್ಕೆ ಓಗನ ಮೇಡಂ? ನಿಮಗಿಂತ ನಿಮ್ ನಂಬರೇ ಜಾಸ್ತಿ ಮನೆ ಬದಲಾಯಿಸ್ತದೆ" ಎಂದ.

ಒಂದು ಚೀಟಿಯನ್ನು ಬೆರಳ ತುದಿಯಲ್ಲಿ ಅವನ ಕಡೆಗೇ ತಳ್ಳಿ, ಆರು ವರ್ಷದಿಂದ ಹೇಳುತ್ತ ಬಂದ ಮಾತನ್ನೇ ಹೇಳಿದೆ: "ಅದೊಂದು ಬೇಡ. ನಮ್ಮಕ್ಕನ ಹೊಲ ತಿಂದ ಕಂಪನಿ ಅದು."

"ಗೊತ್ತು ಬುಡಿ, ಹೇಳಿದ್ದೀರಿ," ಎಂದು ಅದನ್ನು ಡ್ರಾಯರಿಗೆ ಹಾಕಿದ.

ನನ್ನ ಕೆಲಸವನ್ನು ನಿಮಗೆ ಹೇಳಿಬಿಡುತ್ತೇನೆ. ನಮ್ಮ ಕಡೆಯ ಕರಿಕಲ್ಲು ಚಳಿದೇಶಗಳಲ್ಲಿ ಗೋರಿಕಲ್ಲಾಗುತ್ತದೆ. ಆ ಕಲ್ಲು ಕಳಿಸುವ ಒಂದು ಕಚೇರಿಯ ಪರವಾಗಿ, ಕೊಳ್ಳುವವರ ಜೊತೆ ಮಾತಾಡಲು ವರ್ಷಕ್ಕೆ ನಾಲ್ಕೈದು ಸಲ ವಿಮಾನ ಹತ್ತುವವಳು ನಾನು. ಓದಿದ್ದು ಮಾತ್ರ ಮೈಸೂರಿನಲ್ಲಿ ಇತಿಹಾಸ. ದಾಖಲೆ ನೋಡದೆ ಯಾರ ಮಾತನ್ನೂ ನಂಬಬೇಡ ಎಂದು ಮೇಷ್ಟರು ಎರಡು ವರ್ಷ ಹೇಳಿಕೊಟ್ಟರು. ನಾನು ಅದನ್ನು ಚೆನ್ನಾಗಿಯೇ ಕಲಿತೆ, ನನ್ನ ಮಾತೊಂದನ್ನು ಬಿಟ್ಟು.

ಮನೆಗೆ ಬಂದವಳಿಗೆ ನೆನಪಾಯಿತು, ಆರು ವರ್ಷದ ಹಿಂದೆ ಹೀಗೇ ಕಂಪನಿ ಆರಿಸುವಾಗ ಡೈರಿಯಲ್ಲೊಂದು ಪಟ್ಟಿ ಮಾಡಿದ್ದೆ. ಅದನ್ನೇ ತಿದ್ದಿಕೊಂಡರೆ ಅರ್ಧ ಕೆಲಸ ಮುಗಿಯಿತಲ್ಲ ಎಂದು ಹುಡುಕಿ ತೆಗೆದೆ. ಸ್ಕೇಲಿಟ್ಟು ಗೆರೆ ಎಳೆದ ಪಟ್ಟಿ. ಎಷ್ಟು ದೇಶ, ಎಷ್ಟು ಡೇಟಾ, ವಿಮಾನ ಇಳಿದ ಎಷ್ಟು ಹೊತ್ತಿಗೆ ಸಿಗ್ನಲ್. ಅಕ್ಕನ ಊರು ಭೀಮನಬೀಡಿನಲ್ಲಿ ಯಾವ ಕಂಪನಿಯ ಟವರ್ ಸಿಗುತ್ತದೆ ಎಂಬುದಕ್ಕೂ ಒಂದು ಅಂಕಣ ಇತ್ತೆಂದು ಪ್ರಮಾಣ ಮಾಡಿ ಹೇಳುತ್ತಿದ್ದೆ. ಇಲ್ಲ. ಭೀಮನಬೀಡಿನ ಹೆಸರೇ ಇಲ್ಲ. ಕೊನೆಯ ಅಂಕಣದಲ್ಲಿ 'ಒಳಬರುವ ಕರೆ ಉಚಿತ' ಎಂದು ಬರೆದು, ಒಂದೇ ಕಂಪನಿಯ ಎದುರು ಕೆಂಪು ಶಾಯಿಯ ಗುರುತು ಹಾಕಿದ್ದೇನೆ. ಸಿದ್ದಣ್ಣನ ಡ್ರಾಯರಿಗೆ ಹೋದದ್ದು ಅದೇ ಕಂಪನಿ.

ಭೀಮನಬೀಡು ಅಕ್ಕನ ಗಂಡನ ಮನೆ. ಅವಳು ನನಗಿಂತ ಹದಿನೈದು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿದವಳು, ಅರಿಶಿನ ಮಾರಿ ನನ್ನ ಹಾಸ್ಟೆಲಿಗೆ ದುಡ್ಡು ಕಟ್ಟಿದವಳು. ಭಾವ ತೀರಿಕೊಂಡಾಗ ಅವಳಿಗೆ ಮಕ್ಕಳಿರಲಿಲ್ಲ. ಇದ್ದದ್ದು ಎರಡು ಎಕರೆ ಹೊಲ, ಇಬ್ಬರು ಮೈದುನರು, ಒಂದು ಹಸು, ಒಂದು ಗುಂಡಿ ಒತ್ತುವ ಫೋನು.

ಆ ಫೋನಿನಲ್ಲಿ ಅವಳು ಮಾತಾಡಲು ತಾನಾಗಿ ಕರೆ ಮಾಡಿದವಳೇ ಅಲ್ಲ. ಮಿಸ್ ಕಾಲ್ ಅಷ್ಟೇ. ನಮ್ಮಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಒಂದು ಸಲ ರಿಂಗ್ ಕೊಟ್ಟರೆ ಚೆನ್ನಾಗಿದ್ದೇನೆ ಎಂದರ್ಥ. ಸಂಜೆ ಹಾಲು ಕರೆದ ಮೇಲೆ ದಿನಾ ಬರುತ್ತಿತ್ತು. ಬೆನ್ನಿಗೇ ಎರಡನೆಯದು ಬಂದರೆ ತಿರುಗಿ ಮಾಡು ಎಂದು. ಮೊದಲ ಸಲ ಹೊರದೇಶಕ್ಕೆ ಹೋದಾಗ ನಾನು ಮರೆತು ಎತ್ತಿಬಿಟ್ಟೆ. ಅಲ್ಲಿ ಎತ್ತಿದರೂ ನನಗೇ ದುಡ್ಡು ಬೀಳುತ್ತದೆ ಎಂದು ಬಂದ ಮೇಲೆ ತಮಾಷೆಯಾಗಿ ಹೇಳಿದೆ. ಅವಳು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. "ಅಯ್ಯೋ, ಎತ್ತಬ್ಯಾಡ ಕಣಮ್ಮಿ! ನೀ ಎತ್ತೋದ್ರೊಳಗೆ ನಾ ಕಟ್ ಮಾಡ್ಬುಡ್ತೀನಿ," ಎಂದಳು. ಅಲ್ಲಿಂದಾಚೆ ಅರ್ಧ ರಿಂಗಿಗೇ ನಿಲ್ಲಿಸುತ್ತಿದ್ದಳು. ಕೋಳಿ ಕಾಳು ಕುಕ್ಕಿದ ಹಾಗೆ, ಒಂದು ಟಣ್, ಮುಗಿಯಿತು.

ಆಮೇಲೆ ನಾನು ಪಟ್ಟಿ ಮಾಡಿ, ಒಳಬರುವ ಕರೆ ಉಚಿತವಾದ ಕಂಪನಿಗೆ ಬದಲಾಯಿಸಿದೆ. ಕಚೇರಿಗೆ ಹೇಳಿದೆ, ಕಲ್ಲು ಕೊಳ್ಳುವವರಿಗೆಲ್ಲ ಹೇಳಿದೆ. ಅಕ್ಕನಿಗೆ ಹೇಳಲಿಲ್ಲ. ಬಚ್ಚಿಟ್ಟೆ ಅಂತಲ್ಲ, ಹೇಳಬೇಕು ಎಂದು ಹೊಳೆಯಲೇ ಇಲ್ಲ.

ಇಷ್ಟು ಮಾತ್ರ ಹೇಳಿದ್ದೆ: ಮೈದುನರು ಎಲ್ಲಿಗಾದರೂ ಸಹಿಗೆ ಕರೆದರೆ ನನ್ನನ್ನು ಕೇಳದೆ ಹೆಬ್ಬೆಟ್ಟು ಒತ್ತಬೇಡ, ಎರಡು ರಿಂಗ್ ಕೊಡು, ನಾನು ಎಲ್ಲಿದ್ದರೂ ಮಾಡುತ್ತೇನೆ. ಅವರು ಕರೆದರು. ಭಾವನ ಹೆಸರಿನಲ್ಲಿರುವ ಹೊಲವನ್ನು ನಿನ್ನ ಹೆಸರಿಗೆ ಖಾತೆ ಮಾಡಿಸಬೇಕು ಅತ್ತಿಗೆ ಎಂದು ಗುಂಡ್ಲುಪೇಟೆಯ ನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ಅಕ್ಕನಿಗೆ ಅನುಮಾನ ಬಂತು. ಜಗಲಿಯ ಮೂಲೆಗೆ ಹೋಗಿ ನನಗೆ ಎರಡು ರಿಂಗ್ ಕೊಟ್ಟಳು. "ನಮ್ ತಂಗಿ ಫೋನು ಬತ್ತದೆ, ವಸಿ ತಡೀರಪ್ಪ," ಎಂದು ಊಟದ ಹೊತ್ತಿನವರೆಗೂ ಅವರನ್ನು ತಡೆದಳಂತೆ. ಟೀ ಕುಡಿಸಿದರಂತೆ. ಆಮೇಲೆ ಹೆಸರು ಕೂಗಿದರು. ಒತ್ತಿದಳು. ಆ ಕಾಗದ ಖಾತೆಯದಲ್ಲ, ಹೊಲದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟೆ ಎಂಬುದು.

ನಾನು ಆಗ ಇಟಲಿಯಲ್ಲಿದ್ದೆ. ಬಂದು ಕೇಳಿದಾಗ ಕುಣಿದಾಡಿದೆ. ಅಕ್ಕ ನನ್ನ ಜೊತೆ ವಕೀಲರ ಹತ್ತಿರ ಬರಲು ಒಪ್ಪಲಿಲ್ಲ: "ಕೋರ್ಟು ಗೀರ್ಟು ಬ್ಯಾಡ. ಹೆಬ್ಬೆಟ್ಟು ನಂದೇ ಅಲ್ವಾ?" ಸಿಟ್ಟಿಗೆ ಒಂದು ಜಾಗ ಬೇಕಿತ್ತು. ಫೋನ್ ಕಂಪನಿಯ ಕಚೇರಿಗೆ ನುಗ್ಗಿ, ಒಂದೇ ಒಂದು ರಿಂಗ್ ಕೂಡ ನನಗೆ ತಲುಪಲಿಲ್ಲ ಎಂದು ಕೌಂಟರಿನಲ್ಲಿದ್ದ ಹುಡುಗಿ ಅಳುವ ತನಕ ಕೂಗಾಡಿದೆ. ಮರುದಿನವೇ ನಂಬರು ಬೇರೆ ಕಂಪನಿಗೆ. ಅಂದಿನಿಂದ ನೆಂಟರ ಮನೆಯಲ್ಲಿ, ಕಚೇರಿಯಲ್ಲಿ, ಸಿದ್ದಣ್ಣನ ಅಂಗಡಿಯಲ್ಲಿ ಅದೇ ಕತೆ. ಹೇಳಿ ಹೇಳಿ ಚೆನ್ನಾಗಿಯೇ ಪಳಗಿತ್ತು, ಎಲ್ಲಿ ನಿಲ್ಲಿಸಿದರೆ ಜನ 'ಥೂ' ಅನ್ನುತ್ತಾರೆ ಎಂಬುದೂ ಸೇರಿ.

ಡೈರಿಯಲ್ಲಿ ಪಟ್ಟಿ ನೋಡಿ ಮುಚ್ಚಬಹುದಿತ್ತು. ಪುಟ ತಿರುವುತ್ತ ಇಟಲಿಯ ಆ ದಿನಕ್ಕೆ ಬಂದೆ. ನನ್ನದೇ ಅಕ್ಷರ: 'ತಿಂಡಿಗೆ ಕೂತಾಗ ಏಳೂವರೆಗೆ ಅಕ್ಕನ ರಿಂಗ್. ಒಂದೇ. ಚೆನ್ನಾಗಿದ್ದಾಳೆ. ಇಲ್ಲಿಯ ಬ್ರೆಡ್ಡು ಕಲ್ಲಿಗಿಂತ ಗಟ್ಟಿ.'

ಅಲ್ಲಿ ಏಳೂವರೆ ಎಂದರೆ ನಮ್ಮಲ್ಲಿ ಹನ್ನೊಂದು. ಸಂಜೆ ಹಾಲು ಕರೆದ ಮೇಲಷ್ಟೇ ಕ್ಷೇಮ ತಿಳಿಸುವವಳು ಕಚೇರಿ ತೆರೆಯುವ ಹೊತ್ತಿಗೆ ಯಾಕೆ ರಿಂಗ್ ಕೊಟ್ಟಳು ಎಂದು ನನಗೆ ಅನ್ನಿಸಲಿಲ್ಲ. ಎರಡನೆಯದು ದಾರಿಯಲ್ಲೆಲ್ಲೋ ಸತ್ತಿರಬೇಕು. ಆದರೆ ಮೊದಲನೆಯದು ಬಂದಿತ್ತು. ಅದನ್ನು ಕೇಳಿದೆ, ಬರೆದೆ, ಬ್ರೆಡ್ಡಿನ ಮೇಲೆ ಜೋಕು ಮಾಡಿದೆ. ಬರೆದದ್ದನ್ನು ಯಾವಾಗ ಮರೆತೆ? ಕೌಂಟರಿನಲ್ಲಿ ಕೂಗುವಾಗ ಮರೆತೇ ಇದ್ದೆನೋ, ಕೂಗಿ ಕೂಗಿ ಮರೆತೆನೋ? ಪ್ರಾಮಾಣಿಕವಾಗಿ ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ನನಗೆ ಅನುಕೂಲದ ಉತ್ತರವೇ.

ಭಾನುವಾರ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಗುಂಡ್ಲುಪೇಟೆಗೆ ಹೋದೆ. ಅಕ್ಕ ಈಗ ಅಲ್ಲಿ ಒಂದು ಕೋಣೆಯಲ್ಲಿದ್ದಾಳೆ. ಚೆಂಡು ಹೂ ಬಿಡಿಸಲು ಕೂಲಿಗೆ ಹೋಗುತ್ತಾಳೆ, ಯಾರ ಹೊಲಕ್ಕೆ ಕರೆದರೂ ಹೋಗುತ್ತಾಳೆ, ಆ ಎರಡು ಎಕರೆಯ ಕಡೆಗೊಂದು ಬಿಟ್ಟು. ನನ್ನ ಹತ್ತಿರ ಬಂದಿರು ಎಂದರೆ ಬರುವುದಿಲ್ಲ.

ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದಳು. ನಾನೂ ಎದುರಿಗೆ ಕೂತು ಕೈ ಹಾಕಿದೆ. ಆಮೇಲೆ ಹೇಳಿದೆ: "ಅಕ್ಕ, ಅವತ್ತು ನಿನ್ನ ರಿಂಗ್ ಬಂದಿತ್ತು. ಒಂದು ಬಂದಿತ್ತು. ನಾನೇ ಸುಮ್ಮನಾದೆ. ಅಲ್ಲಿ ನಾನು ಎತ್ತಿ ಮಾತಾಡಿದ್ರೂ ನಂಗೆ ದುಡ್ಡು ಬೀಳ್ತಿರಲಿಲ್ಲ, ಅದೂ ನಿಂಗೆ ಹೇಳಿರಲಿಲ್ಲ."

ಅವಳು ನಾಲ್ಕು ಕಾಯಿ ಬಿಡಿಸಿದಳು. ಹುಳ ಬಿದ್ದ ಕಾಳೊಂದನ್ನು ಆಯ್ದು ಹೊರಗೆಸೆದಳು.

"ಒಂದೇ ಬಂದಿತ್ತಾ?"

"ಒಂದೇ."

"ನಾ ಕೊಟ್ಟಿದ್ದೇ ಒಂದೇನೋ ಕಣಮ್ಮಿ," ಎಂದಳು. "ಅವರಿಬ್ರೂ ಪಕ್ಕದಲ್ಲೇ ನಿಂತಿದ್ರು. ಎರಡನೇದು ಒತ್ತಿದ್ನೋ ಇಲ್ವೋ, ಯಾರಿಗೆ ಗ್ಯಾನ ಅದೆ? ಬುಡು."

ಆರು ವರ್ಷದಿಂದ ಕೇಳಿದವರಿಗೆಲ್ಲ ಎರಡು ಕೊಟ್ಟೆ, ಎರಡು ಕೊಟ್ಟೆ ಎಂದು ಬೆರಳು ತೋರಿಸಿ ಹೇಳಿದವಳು ಅವಳು. ಅವಳ ಹತ್ತಿರ ಉಳಿದಿದ್ದದ್ದು ಅದೊಂದೇ, ತಂಗಿಯನ್ನು ತಾನು ಕರೆದಿದ್ದೆ ಎಂಬ ಮಾತು. ಅದನ್ನೂ ಈಗ ನನ್ನ ಕೈಗೆ ಹಾಕುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಬೇಡ ಎನ್ನಬೇಕಿತ್ತು.

"ಇರಬಹುದಕ್ಕ," ಎಂದೆ.

ಅವಳು ಎದ್ದು ಕಾಫಿಗೆ ನೀರಿಟ್ಟಳು.